ಸೀಲು ಒಡೆಯದ ಕ್ಯಾಸೆಟ್ಟು

ವಿಡಿಯೋ ಗೇಮ್ ಆಡುವವರ ಮನೆಯಲ್ಲಿ ಗದ್ದಲವಿರುತ್ತದೆ. ಕೂಡಿಡುವವರ ಮನೆಯಲ್ಲಿ ಡಾಂಬರು ಗುಳಿಗೆಯ ವಾಸನೆ ಇರುತ್ತದೆ. ನಮ್ಮ ಮನೆಯಲ್ಲಿ ಬಹಳ ಕಾಲ ಬರೀ ವಾಸನೆಯೇ ಇತ್ತು.

ರಬಕವಿಯಲ್ಲಿ ನನ್ನದೊಂದು ಸೀರೆ ಅಂಗಡಿ. ಹೊಸ ಶತಮಾನ ಆಗಷ್ಟೇ ಕಣ್ಣು ಬಿಟ್ಟಿದ್ದ ಕಾಲದಲ್ಲಿ, ವ್ಯಾಪಾರಕ್ಕೆಂದು ಸೊಲ್ಲಾಪುರಕ್ಕೆ ಹೋದವನು ಟಿವಿಗೆ ಜೋಡಿಸಿ ಆಡುವ ಮಷೀನೊಂದನ್ನು ಕೊಂಡು ತಂದೆ. ಅದರ ನೆತ್ತಿಯ ಮೇಲಿನ ಸಂದಿಗೆ ಅಂಗೈಯಗಲದ ಕ್ಯಾಸೆಟ್ಟು ಸಿಗಿಸಿದರೆ ಆಟ ಶುರು. ಮೊದಲ ದಿನವೇ ಕೂತು ಆಡಿದೆ. ಮೋಟರ್ ಸೈಕಲ್ಲಿನ ಸವಾರ ಮೊದಲ ಸೇತುವೆಯಲ್ಲೇ ಹೊಳೆಗೆ ಬಿದ್ದ. ಮತ್ತೆ ಆಡಿದೆ, ಮತ್ತೆ ಬಿದ್ದ. ಹೆಂಡತಿ ಸುಜಾತಾ ಬಾಗಿಲಲ್ಲಿ ನಿಂತು, "ಈಸು ಬರತೈತೇನ್ರಿ ಅವಗ?" ಎಂದು ಕೇಳಿದಳು. ನಾನು ಸ್ವಿಚ್ ಆರಿಸಿದೆ.

ಆದರೆ ಕ್ಯಾಸೆಟ್ಟಿನ ಮೇಲೆ ಅಂಟಿಸಿದ್ದ ಚಿತ್ರವಿತ್ತಲ್ಲ, ಅದು ಬಹಳ ಚೆಂದವಿತ್ತು. ಚಿತ್ರದಲ್ಲಿ ಸವಾರ ಎಂದೂ ಬೀಳುವುದಿಲ್ಲ; ಗಾಳಿಯಲ್ಲಿ ಹಾರುತ್ತಲೇ ಇರುತ್ತಾನೆ. ಆಗಲೇ ನನಗೆ ನನ್ನ ದಾರಿ ಹೊಳೆಯಿತು. ಆಡಿ ಸೋಲುವುದಕ್ಕಿಂತ ಆಡದೆ ಕೂಡಿಡುವುದು ಮೇಲು. ಅಂದಿನಿಂದ ಎಲ್ಲಿ ಹೋದರೂ ಕ್ಯಾಸೆಟ್ಟು ಹುಡುಕಿದೆ. ವಿಮಾನದ ಚಿತ್ರದ್ದು, ಕತ್ತಿ ಹಿಡಿದವನದ್ದು, ಬೆಂಕಿ ಉಗುಳುವ ಹಲ್ಲಿಯದ್ದು. ಪ್ರತಿಯೊಂದನ್ನೂ ಸೀರೆಯ ಕವರಿನಲ್ಲಿ ಹಾಕಿ, ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿ, ನಡುನಡುವೆ ಗುಳಿಗೆ ಇಟ್ಟೆ. ನುಸಿ ಪ್ಲಾಸ್ಟಿಕ್ ತಿನ್ನುವುದಿಲ್ಲ ಎಂದು ಹೇಳುವವರಿದ್ದರು. ನುಸಿಯ ಮನಸ್ಸು ಯಾರಿಗೆ ಗೊತ್ತು?

ಇಂಥ ಮರುಳು ನನಗೊಬ್ಬನಿಗೇ ಇದ್ದಿದ್ದರೆ ಎಂದೋ ಬಿಟ್ಟುಹೋಗುತ್ತಿತ್ತು. ಜಮಖಂಡಿಯಲ್ಲಿ ಈರಣ್ಣನಿದ್ದ. ನನ್ನ ಕಾಲೇಜು ಗೆಳೆಯ, ಪಂಪ್‌ಸೆಟ್ಟಿನ ವ್ಯಾಪಾರಿ. ಅವನೂ ಆಡದೆ ಕೂಡಿಡುವವನೇ. ಹೆಣ್ಣು ನೋಡಿ ಬಂದವರಂತೆ ಇಬ್ಬರೂ ಫೋನಿನಲ್ಲಿ ಪಿಸುಗುಟ್ಟುತ್ತಿದ್ದೆವು. ಅವನ ಬಳಿ ಟಿವಿಗೆ ಗುರಿಯಿಟ್ಟು ಹೊಡೆಯುವ ಆಟದ ಪಿಸ್ತೂಲೊಂದಿತ್ತು. ನನ್ನ ಬಳಿ ಸೀಲು ಒಡೆಯದ ಒಂದು ಕ್ಯಾಸೆಟ್ಟಿತ್ತು. ಡಬ್ಬಿಯ ಮೇಲೆ ಬಂಗಾರ ಬಣ್ಣದ ಡ್ರ್ಯಾಗನ್. ಅವನಿಗೆ ಡ್ರ್ಯಾಗನ್ ಮೇಲೆ ಕಣ್ಣು, ನನಗೆ ಪಿಸ್ತೂಲಿನ ಮೇಲೆ. ಬಹಳ ದಿನ ಹಗ್ಗಜಗ್ಗಾಟವಾಗಿ, ಕೊನೆಗೆ ಒಂದು ಭಾನುವಾರ ಅವನು ನಮ್ಮ ಮನೆಗೆ ಬಂದು ಅದಲುಬದಲು ಮಾಡಿಕೊಳ್ಳುವುದೆಂದು ತೀರ್ಮಾನವಾಯಿತು.

ಅದೇ ಹೊತ್ತಿಗೆ ಗೌರವ್ವತ್ತಿ ಕಾಲು ಮುರಿದುಕೊಂಡು ನಮ್ಮ ಮನೆಗೆ ಬಂದಳು. ನನ್ನ ತಂದೆಯ ಅಕ್ಕ. ಬೀಳಗಿ ಕಡೆಯ ಅವಳ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ಈಗ ದಿಬ್ಬದ ಮೇಲಿನ ಹೊಸ ಊರಿನಲ್ಲಿ ಅವಳ ವಾಸ. ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟು, ಕಪಾಟಿನ ಎದುರಿನ ಮಂಚದಲ್ಲಿ ಕೂತಳು. ಎಷ್ಟು ದಿನ ಅಂತ ಒಬ್ಬ ಹೆಂಗಸು ಗಾಜಿನ ಹಿಂದಿನ ಚಿತ್ರ ನೋಡುತ್ತ ಕೂರಬಲ್ಲಳು?

ನಾನು ಅಂಗಡಿಗೆ ಹೋದ ಮೇಲೆ ಮನೆಯಲ್ಲಿ ಏನು ನಡೆಯುತ್ತಿತ್ತೆಂಬುದು ನನಗೆ ತಿಳಿದಿರಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಬೇಗ ಬಂದಾಗ ಹೊರಗಿನಿಂದಲೇ ಅತ್ತಿಯ ದನಿ ಕೇಳಿಸಿತು. "ಬಿದ್ಯಾ? ಬೀಳು! ಏಳು, ಮತ್ತ ಹೋಗೂಣು!" ನಮ್ಮ ಮೋಟರ್ ಸೈಕಲ್ ಸವಾರ ಹೊಳೆಗೆ ಬಿದ್ದಿದ್ದ. ಅತ್ತಿ ನಗುತ್ತಿದ್ದಳು, ಸುಜಾತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಅತ್ತಿ ಭಾರೀ ಆಟಗಾರ್ತಿ ಎಂದುಕೊಳ್ಳಬೇಡಿ. ನನಗಿಂತ ಕಡೆ. ಆದರೆ ಸೋತಾಗಲೆಲ್ಲ ಅವಳಿಗೆ ಹೊಸ ಹುರುಪು ಬರುತ್ತಿತ್ತು.

"ಅತ್ತಿ, ಕವರ್ ಹಾಳಾಗ್ತಾವ," ಎಂದೆ.

"ಹಾಳಾಗಲಿ ಬಿಡೋ. ನಮ್ಮ ಗಂಡನ ಅವ್ವ ಒಂದ ರೇಶ್ಮಿ ಸೀರಿ ಟ್ರಂಕಿನ್ಯಾಗ ಇಟ್ಟಿದ್ಲು. ಛಲೋ ದಿನಾ ಬಂದ ಮ್ಯಾಲ ಉಡತೇನಿ ಅಂತಿದ್ಲು. ಊರು ಮುಳುಗಡಿ ಆದಾಗ ತಗದ ನೋಡಿದ್ರ, ಮಡಿಕಿ ಮಡಿಕಿಗೂ ಸೀಳಿತ್ತು."

ನಾನು ಸೀರೆ ವ್ಯಾಪಾರಿ. ಆಗಾಗ ಬಿಚ್ಚಿ ಮಡಿಕೆ ಬದಲಿಸದಿದ್ದರೆ ರೇಷ್ಮೆ ಸೀಳುತ್ತದೆಂದು ದಿನಾ ಗಿರಾಕಿಗಳಿಗೆ ಉಪದೇಶ ಮಾಡುವವನು. ಊಟಕ್ಕೆ ಕೂತೆ.

ಭಾನುವಾರ ಈರಣ್ಣ ಬಂದ. ಪಿಸ್ತೂಲನ್ನು ಟವೆಲಿನಲ್ಲಿ ಸುತ್ತಿ ತಂದಿದ್ದ. ಬಸ್ಸಿನಲ್ಲಿ ಪಕ್ಕದ ಸೀಟಿನವನು ಎದ್ದು ಹೋದನಂತೆ. ಚಹಾ ಆಯಿತು. ನಾನು ಕೈ ತೊಳೆದು, ಒರೆಸಿಕೊಂಡು, ಕಪಾಟಿನಿಂದ ಡ್ರ್ಯಾಗನ್ ಡಬ್ಬಿ ತೆಗೆದು ಅವನ ಕೈಗಿತ್ತೆ. ಈರಣ್ಣ ಅದನ್ನು ತಿರುಗಿಸಿ ನೋಡಿದ. ಸೀಲನ್ನು ಅಂಚಿನಗುಂಟ ಯಾರೋ ನೀಟಾಗಿ ಕತ್ತರಿಸಿದ್ದರು.

"ಬಸ್ಯಾ, ಯಾರ್ ಮಾಡಿದ್ರಲೇ ಇದನ್ನ?" ಅವನ ದನಿ ಸತ್ತವರ ಮನೆಯಲ್ಲಿ ಮಾತಾಡುವವನದರಂತಿತ್ತು.

"ನಾನ ಅಡಕೊತ್ತಿನಿಂದ ತಗದೆ," ಎಂದಳು ಅತ್ತಿ, ಅಡಿಕೆ ಕತ್ತರಿಸುತ್ತಲೇ. "ಒಳಗ ಅದ ಐತಿ."

"ಅದ ಅಂದ್ರ?"

"ಅದ. ಹೊಳ್ಯಾಗ ಬೀಳೋ ಗಾಡಿಯಂವ. ಹಲ್ಲಿ ಚಿತ್ರದ್ದರಾಗೂ ಅವನ, ಕತ್ತಿ ಹಿಡದಂವನ ಡಬ್ಬಿಯೊಳಗೂ ಅವನ. ಎಲ್ಲಾ ತಿರಿವಿ ನೋಡೇನಿ. ಮೂರೋ ನಾಕೋ ಆಟ ಅದಾವು. ಉಳದದ್ದೆಲ್ಲಾ ಬರೇ ಬ್ಯಾರೆ ಬ್ಯಾರೆ ಅಂಗಿ."

ನಾನು ನಂಬಲಿಲ್ಲ. ಡ್ರ್ಯಾಗನ್ ಕ್ಯಾಸೆಟ್ಟನ್ನು ಮಷೀನಿಗೆ ಸಿಗಿಸಿದೆ. ಪರದೆಯ ಮೇಲೆ ಅದೇ ಸೇತುವೆ, ಅದೇ ಹೊಳೆ. ಸವಾರ ನನ್ನನ್ನು ಗುರುತು ಹಿಡಿದವನಂತೆ ನಿಂತಿದ್ದ. ಈರಣ್ಣ ಪಿಸ್ತೂಲನ್ನು ಮತ್ತೆ ಟವೆಲಿನಲ್ಲಿ ಸುತ್ತತೊಡಗಿದ.

"ಹೆಂಗೂ ಬಂದೀರಿ. ಒಂದ ಸಲ ಆಡ್ರಿ," ಎಂದು ಅತ್ತಿ ಅವನ ಕೈಗೆ ರಿಮೋಟು ತುರುಕಿದಳು. ದೊಡ್ಡವರ ಮಾತು, ಕೂತ. ಬಿದ್ದ. ನಾನು ನಕ್ಕೆ. ಸಿಟ್ಟಿಗೆದ್ದು ನನ್ನ ಕೈಗೆ ಕೊಟ್ಟ. ನಾನು ಬಿದ್ದೆ. ಅವನು ನಕ್ಕ. ಕಪಾಟು ತುಂಬ ಆಟವಿದ್ದ ಇಬ್ಬರು ಗಂಡಸರು ಸಂಜೆಯಾದರೂ ಒಂದು ಸೇತುವೆ ದಾಟಲಿಲ್ಲ. ಈರಣ್ಣನ ಶರಟು ಪ್ಯಾಂಟಿನಿಂದ ಹೊರಬಂದಿತ್ತು. ಕಾಲೇಜು ಬಿಟ್ಟ ಮೇಲೆ ಅವನು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ.

ಮರುವಾರ ಫೋನ್ ಮಾಡಿ, "ನಿನ್ನ ಸೀಲ್ ಪ್ಯಾಕ್ ಕ್ಯಾಸೆಟ್ ತಗದ ನೋಡಿದ್ಯಾ?" ಎಂದು ಕೇಳಿದೆ. "ಇಲ್ಲಲೇ," ಎಂದ. "ನನ್ನವು ಖರೇವ ಇರಬೇಕು." ಅವನ ನೆಮ್ಮದಿಗೆ ಕಲ್ಲು ಹಾಕುವ ಆಸೆ ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಕೆಲವರ ಸುಖ ಪ್ಲಾಸ್ಟಿಕ್ ಹಾಳೆಯಷ್ಟು ತೆಳ್ಳಗಿರುತ್ತದೆ. ಆದರೂ ಅದು ಸುಖವೇ.

ಪ್ಲಾಸ್ಟರ್ ತೆಗೆದ ಮೇಲೆ ಅತ್ತಿ ಊರಿಗೆ ಹೊರಟಳು. "ಒಂದ ಕ್ಯಾಸೆಟ್ ಒಯ್ಯಿ ಅತ್ತಿ, ಯಾವದು ಬೇಕು ಅದನ್ನ," ಎಂದೆ ಉದಾರವಾಗಿ. ಅವಳು ಎಲ್ಲಕ್ಕಿಂತ ಸವೆದದ್ದನ್ನು ಆರಿಸಿದಳು. "ಹೊಸಾದು ಒಯ್ಯಬಾರದ?" ಎಂದೆ.

"ಬ್ಯಾಡೋ. ಹೊಸಾದ್ರಾಗ ಸೋಲೂದನ್ನ ಮತ್ತ ಮೊದಲಿಂದ ಕಲೀಬೇಕಾಗ್ತೈತಿ." ಆಮೇಲೆ ಟಿವಿಯ ಹಿಂದೆ ಕೈ ಹಾಕಿ ಮಷೀನಿನ ವೈರು ಬಿಚ್ಚತೊಡಗಿದಳು. "ಇದನ್ನೂ ಒಯ್ತೇನಿ. ನಿನಗ ಹೆಂಗೂ ಕ್ಯಾಸೆಟ್ ಇದ್ರ ಸಾಕಲ್ಲ?"

ಮಷೀನು ಬೀಳಗಿ ಬಸ್ಸು ಹತ್ತಿತು. ಸುದ್ದಿ ಕೇಳಿ ಈರಣ್ಣ, "ಪುಣ್ಯಾ ಮಾಡೀದಿ ಬಿಡು. ಇನ್ನ ಯಾರೂ ನಿನ್ನ ಕ್ಯಾಸೆಟ್ ಮುಟ್ಟಂಗಿಲ್ಲ," ಎಂದು ಹೊಟ್ಟೆಕಿಚ್ಚು ಪಟ್ಟ.

ಹೌದು, ಯಾರೂ ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ. ಆದರೆ ಆ ವರ್ಷದಿಂದ ಬೀಳಗಿ ಕಡೆ ನನ್ನ ವ್ಯಾಪಾರ ಏಕೋ ಬೆಳೆಯಿತು. ಅಲ್ಲಿ ಸೀರೆ ಕೊಳ್ಳುವವರು ಅಷ್ಟೇನೂ ಇರಲಿಲ್ಲ, ಆದರೂ ಮೇಲಿಂದ ಮೇಲೆ ಹೋಗಬೇಕಾಗುತ್ತಿತ್ತು. ಒಂದು ಬೆಳಿಗ್ಗೆ ಹೀಗೆಯೇ ಗಡಿಬಿಡಿಯಲ್ಲಿ ಬಸ್ ಸ್ಟ್ಯಾಂಡಿನತ್ತ ನಡೆದಿದ್ದಾಗ ಹಿಂದಿನಿಂದ ಸುಜಾತಾ ಕೂಗಿದಳು:

"ಏನ್ರೀ, ಮಾರಾಕ ಹೊಂಟೀರಿ ಖರೆ, ಸೀರಿ ಗಂಟ ಇಲ್ಲೇ ಬಿಟ್ಟೀರಲ್ಲ!"