ನಾನು ನಿಲ್ಲಿಸಲು ಬಿಡದ ಪಂಪು

ಕೋಲಾರದ ಚಿನ್ನದ ಗಣಿ ಮೈಸೂರು ಮೈನ್ಸ್‌ನಲ್ಲಿ ನೀರೆತ್ತುವ ಪಂಪು ನೋಡಿಕೊಳ್ಳುತ್ತಿದ್ದವನು ನಾನು. ಸದ್ದು ಕೇಳಿಯೇ ಅದರ ಕಾಯಿಲೆ ಹೇಳುತ್ತಿದ್ದೆ. ಅಂಥ ಕಿವಿ ಇಡೀ ಕೆಜಿಎಫ್‌ನಲ್ಲಿ ಇನ್ನೊಂದಿರಲಿಲ್ಲ. ಹೊಸಬರು ಪಾಳಿಗೆ ಬಂದರೆ, ನೀರು ನುಗ್ಗಿತೆಂದು ಕೂಗಿ ಓಡಿಸಿ ನಗುತ್ತಿದ್ದೆ. ಆದರೆ ಪಂಪು ನಿಜಕ್ಕೂ ನಿಂತರೆ ಕೆಳಗಿದ್ದವರು ಮುಳುಗುತ್ತಾರೆ ಎಂಬ ಭಯ ನನ್ನನ್ನು ಒಂದು ದಿನವೂ ಬಿಟ್ಟಿರಲಿಲ್ಲ.

ಗಣಿ ಮುಚ್ಚಿ ಎಷ್ಟೋ ಕಾಲವಾದ ಮೇಲೆ, ಈಚೆಗೆ, ಮಂಡಿ ನೋವೆಂದು ಬಂಗಾರಪೇಟೆಯ ಡಾಕ್ಟರಮ್ಮನ ಹತ್ತಿರ ಹೋದೆ. ಎರಡು ಮಾತ್ರೆ ಬರೆದರು. ಒಂದು ನೋವಿಗೆ, ಇನ್ನೊಂದು ಬೆಳಿಗ್ಗೆ ತಿಂಡಿಗೆ ಮುಂಚೆ. ಅದು ಯಾಕೆಂದು ಕೇಳಿದೆ.

"ಹೊಟ್ಟೇಲಿ ಸಣ್ಣಸಣ್ಣ ಪಂಪು ಇರ್ತಾವೆ ತಾತಾ. ಇದು ಅವನ್ನ ನಿಲ್ಸುತ್ತೆ."

ಬಸ್ಸು ನಮ್ಮ ರಾಬರ್ಟ್‌ಸನ್‌ಪೇಟೆ ತಲುಪುವ ತನಕ ಬೆವರುತ್ತಲೇ ಇದ್ದೆ. ಪಂಪು ನಿಲ್ಲಿಸಿದರೆ ಒಳಗೆಲ್ಲ ತುಂಬಿಕೊಳ್ಳುವುದಿಲ್ಲವೇ? ಓದಿದವರಿಗೆ ಗಣಿ ಏನು ಗೊತ್ತು ಎಂದುಕೊಂಡೆ. ನೋವಿನ ಮಾತ್ರೆ ನುಂಗಿದೆ. ಪಂಪಿನ ಮಾತ್ರೆಯನ್ನು ಹೆಂಡತಿಯ ಕಣ್ಣು ತಪ್ಪಿಸಿ ದಿನಾ ಮೋರಿಗೆ ಎಸೆದೆ. ಕಣ್ಣು ತಪ್ಪಿಸುವುದರಲ್ಲಿ ನಾನು ಪಂಡಿತ.

ಮೂರನೇ ವಾರಕ್ಕೆ ಎದೆಯ ಕೆಳಗೆ ಉರಿ ಶುರುವಾಯಿತು. ಒಂದು ಬೆಳಿಗ್ಗೆ ಕಕ್ಕಸಿನಲ್ಲಿ ನೋಡಿದರೆ, ಡಾಂಬರಿನಂತೆ ಕಪ್ಪು. ಹೊರಬಂದವನು ಬಾಗಿಲಲ್ಲೇ ಕುಸಿದೆ. ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಸಾಕು ಏಳಯ್ಯಾ. ಓದ್ಸಲಾನೂ ಇಂಗೇ ಬಿದ್ಕಂಡು ಬೋಂಡಾ ಮಾಡಿಸ್ಕಂಡೆ."

ಆಮೇಲೆ ನನ್ನ ಕೈ ಮುಟ್ಟಿದಳು. ಅದು ತಣ್ಣಗಾಗಿತ್ತು. ಅವಳು ಬೈಯುವುದನ್ನು ನಿಲ್ಲಿಸಿದಾಗಲೇ ನನಗೆ ಸಾವಿನ ಭಯ ಹತ್ತಿದ್ದು.

ಆಟೋದಲ್ಲಿ ಬಂಗಾರಪೇಟೆಗೆ ಕರೆದುಕೊಂಡು ಹೋದಳು. ಎರಡೂ ಮಾತ್ರೆ ತಗೊಂಡಿರಾ ಎಂದು ಡಾಕ್ಟರಮ್ಮ ಕೇಳಿದರು. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಹೆಂಡತಿಯ ಮುಖ ನೋಡಿ ನಿಜ ಹೇಳಿಬಿಟ್ಟೆ.

"ನಿಮ್ಮ ಪಂಪು ಗಣಿಯಿಂದ ನೀರು ಹೊರಗೆ ಹಾಕ್ತಿತ್ತು. ಇದು ಹೊಟ್ಟೆ ಒಳಕ್ಕೇ ಆಸಿಡ್ ಸುರಿಯೋ ಪಂಪು ತಾತಾ," ಎಂದರು.

ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಹೊಟ್ಟೆಯ ಗೋಡೆಯ ಜೀವಕೋಶ ಒಂದು ಪೊಟ್ಯಾಸಿಯಂ ಕಣವನ್ನು ಒಳಗೆಳೆದುಕೊಂಡು ಒಂದು ಹೈಡ್ರೋಜನ್ ಕಣವನ್ನು ಹೊರಗೆ, ಹೊಟ್ಟೆಯೊಳಕ್ಕೆ, ತಳ್ಳುತ್ತದಂತೆ. ಗಣಿಯಲ್ಲಿ ಆಳುಗಳನ್ನು ಇಳಿಸಿ ಹತ್ತಿಸುವ ಎರಡು ಕೇಜುಗಳಲ್ಲಿ ಒಂದು ಇಳಿದರೆ ಇನ್ನೊಂದು ಏರುತ್ತಿತ್ತಲ್ಲ, ಹಾಗೆ. ಕ್ಲೋರೈಡು ಬೇರೆ ದಾರಿಯಲ್ಲಿ ಬಂದು ಸೇರಿದರೆ ಆಸಿಡ್. ನೋವಿನ ಮಾತ್ರೆ ಗೋಡೆಯ ಕಾವಲನ್ನು ಸವೆಸಿ ಹುಣ್ಣು ಮಾಡಿತ್ತು. ಅದರಿಂದ ಸೋರಿದ ರಕ್ತವೇ ಕಪ್ಪಾಗಿ ಬಂದದ್ದು. ಆ ಗಾಯದ ಮೇಲೆ ನನ್ನ ಪಂಪುಗಳು ಆಸಿಡ್ ಸುರಿಯುತ್ತಲೇ ಇದ್ದವು. ನಾನೇ ಅವನ್ನು ಓಡಲು ಬಿಟ್ಟಿದ್ದೆ.

ಅಲ್ಲಿಂದ ದೊಡ್ಡಾಸ್ಪತ್ರೆಗೆ ಕಳಿಸಿದರು. ಎಡಮಗ್ಗುಲಿಗೆ ಮಲಗಿಸಿ ಗಂಟಲಿಗೆ ಕೊಳವೆ ಇಳಿಸಿದರು. ಬಾಯಿ ಮುಚ್ಚದಂತೆ ಹಲ್ಲಿನ ನಡುವೆ ಬಿಲ್ಲೆ ಸಿಕ್ಕಿಸಿದ್ದರಿಂದ ಒಂದು ತಮಾಷೆಯೂ ಹೇಳಲಾಗಲಿಲ್ಲ.

ರಕ್ತ ನಿಂತಿತು. ಹುಣ್ಣಿನ ಒಂದು ಚೂರನ್ನು ಪರೀಕ್ಷೆಗೆ ಕಳಿಸಿದ್ದಾರೆ. ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದೀತೆಂದು, ಯಾಕೆಂದು ನಾನು ಕೇಳಲಿಲ್ಲ. ವರದಿ ಇನ್ನೂ ಬಂದಿಲ್ಲ. ಫೋನು ಹೊಡೆದುಕೊಂಡಾಗಲೆಲ್ಲ ನನಗಿಂತ ಮೊದಲು ಹೆಂಡತಿಯೇ ಎದ್ದು ಅದನ್ನು ಹೊರಗೆ ತೆಗೆದುಕೊಂಡು ಹೋಗುತ್ತಾಳೆ.