ಚರಗದ ದಿನ ಕಾರವಾರದಲ್ಲಿ

ಎಳ್ಳಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಆರೂ ಹತ್ತಕ್ಕೆ ಜೇವರ್ಗಿ ಬಸ್ ನಿಲ್ದಾಣದಿಂದ ಹೊರಟೆವು. ನಾವೆಂದರೆ ನಾನು ಮತ್ತು ಅತನೂರಿನ ದೊಡ್ಡವ್ವ, ನನ್ನ ತಾಯಿಯ ಅಕ್ಕ. ಚೀಲ ಮೂರು, ನೀರಿನ ಬಾಟಲಿ ಎರಡು, ಹೆಣ್ಣುಮಕ್ಕಳ ಶೂನ್ಯ ದರದ ಟಿಕೆಟ್ ಎರಡು. ಚಳಿಗೆ ದೊಡ್ಡವ್ವ ಸೆರಗನ್ನು ಕಿವಿ ಮುಚ್ಚುವಂತೆ ಹೊದ್ದು ಕಿಟಕಿಯ ಪಕ್ಕ ಕುಳಿತಳು. ಊರು ದಾಟಿದ್ದೇ ತಡ, ರಸ್ತೆಯ ಎರಡೂ ಬದಿಗೆ ಬಿಳಿಜೋಳದ ಹೊಲಗಳು ಶುರುವಾದವು. ಅವಳು ಕಣ್ಣು ಮುಚ್ಚಿಕೊಂಡಳು. ನಿದ್ದೆಯಲ್ಲ ಎಂಬುದು ನನಗೆ ಗೊತ್ತಿತ್ತು.

ದೊಡ್ಡಪ್ಪ ಶ್ರಾವಣದಲ್ಲಿ ತೀರಿಕೊಂಡಿದ್ದರು. ಸಾವಾದ ಮನೆಯಲ್ಲಿ ಆ ವರ್ಷ ಹಬ್ಬವಿಲ್ಲ. ಆದರೆ ಎಳ್ಳಮಾವಾಸ್ಯೆಯಂದು ನಮ್ಮ ಕಡೆ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಬೆಳೆಯ ನಡುವೆ ಆ ಬುತ್ತಿಯನ್ನು ಚೆಲ್ಲುತ್ತ ನಡೆಯುವುದಕ್ಕೆ ಚರಗ ಎನ್ನುತ್ತೇವೆ. ಮುಂದಿನವರು ಕೂಗು ಹಾಕಬೇಕು, ಹಿಂದಿನವರು ಓಗೊಡಬೇಕು. ಮೂವತ್ತೆಂಟು ವರ್ಷ ದೊಡ್ಡಪ್ಪ ಮುಂದೆ, ದೊಡ್ಡವ್ವ ಹಿಂದೆ. ಅವರು ಹೋದ ಮೇಲೆ ಅವಳು ಹೊಲದ ಬದುವಿಗೆ ಕಾಲಿಟ್ಟಿರಲಿಲ್ಲ. ಮಗ ಬೆಳೆಯ ಸುದ್ದಿ ತೆಗೆದರೆ ಎದ್ದು ಒಳಗೆ ಹೋಗುತ್ತಿದ್ದಳು.

"ಆ ಒಂದಿನ ಆಕಿನ್ನ ಎಲ್ಲ್ಯಾರ ಕರಕೊಂಡು ಹೋಗು. ಯಾರೂ ಹೊಲಕ್ಕ ಹೋಗಲಾರದ ಊರು ನೋಡು" ಎಂದಿದ್ದಳು ಅವ್ವ. ತಿರುಗಿ ಬಂದ ಮೇಲೆ ಯುಗಾದಿಯವರೆಗೆ ಜೇವರ್ಗಿಯ ನಮ್ಮ ಮನೆಯಲ್ಲೇ ಇಟ್ಟುಕೊಳ್ಳುವುದೆಂದೂ ಆಗಿತ್ತು. ಹೊಲವಿಲ್ಲದ ಜಾಗವೆಂದರೆ ನನಗೆ ಹೊಳೆದದ್ದು ಸಮುದ್ರ. ಕಾರವಾರದ ಹತ್ತಿರ ದಂಡೆ ಮತ್ತು ದಂಡೆಯ ಕುರುಚಲು ಕಾಡನ್ನು ನಡೆಸಿಕೊಂಡು ತೋರಿಸುವವರಿದ್ದಾರೆಂದು ಫೋನಿನಲ್ಲಿ ನೋಡಿ ಇಬ್ಬರ ಹೆಸರು ಬರೆಸಿದ್ದೆ.

ಹುಬ್ಬಳ್ಳಿ ಮುಟ್ಟಿದಾಗ ಎರಡೂವರೆ. ಅಲ್ಲಿಂದ ಬೇರೆ ಬಸ್ಸು. ಯಲ್ಲಾಪುರ ದಾಟಿ ಘಟ್ಟ ಇಳಿಯುವಾಗ ದೊಡ್ಡವ್ವ ಎರಡು ಸಲ ವಾಂತಿ ಮಾಡಿಕೊಂಡಳು, ಮೂರನೆಯ ಸಲ ನಿಂಬೆಹಣ್ಣು ಮೂಸಿ ತಡೆದಳು. ಕಾರವಾರದಲ್ಲಿ ಇಳಿದಾಗ ಏಳೂವರೆಯಾಗಿತ್ತು. ಡಿಸೆಂಬರಿನಲ್ಲೂ ಬೆವರು. ನಿಲ್ದಾಣದ ಸಮೀಪದ ವಸತಿಗೃಹದಲ್ಲಿ ಕೋಣೆ ಸಿಕ್ಕಿತು. ಊಟಕ್ಕೆ ದಪ್ಪಕ್ಕಿಯ ಅನ್ನ ಬಂತು. "ಇದೇನಬೇ, ಒಂದೊಂದು ಅಕ್ಕಿ ಬೆಳ್ಳುಳ್ಳಿ ಎಸಳಿನಂಗದ" ಎಂದಳು ದೊಡ್ಡವ್ವ. ಆದರೂ ಅರ್ಧ ತಟ್ಟೆ ಉಂಡಳು.

ಮರುದಿನ, ಅಮಾವಾಸ್ಯೆ. ಏಳು ಗಂಟೆಗೆ ದಂಡೆಯಲ್ಲಿ ಸೇರಿದವರು ನಾವು ಆರು ಜನ. ಕರೆದೊಯ್ಯುವವಳ ಹೆಸರು ನಾಗವೇಣಿ, ಮೀನುಗಾರರ ಮನೆಯ ಹೆಣ್ಣುಮಗಳು, ವಯಸ್ಸು ಮೂವತ್ತರ ಆಸುಪಾಸು. ಮೊದಲೇ ಹೇಳಿದಳು: ಹೂ ಕೀಳಬಾರದು, ಏಡಿ ಹಿಡಿಯಬಾರದು, ತಿನ್ನುವ ಯಾವುದನ್ನೂ ಕೆಳಗೆ ಬೀಳಿಸಬಾರದು. ನಾನು ಮೂರನ್ನೂ ನನ್ನ ಪ್ರವಾಸದ ಪುಸ್ತಕದಲ್ಲಿ ಬರೆದುಕೊಂಡೆ. ದೊಡ್ಡವ್ವ ಆಗ ಸಮುದ್ರ ನೋಡುತ್ತಿದ್ದಳು.

"ನಮ್ಮ ಭೀಮಿ ನೀರು ಇಲ್ಲಿಗೇ ಬಂದು ಕೂಡ್ತದೇನು?"

"ಇಲ್ಲ ದೊಡ್ಡವ್ವ. ಅದು ಕೃಷ್ಣೆಗೆ ಕೂಡಿ ಮೂಡಲ ಸಮುದ್ರಕ್ಕ ಹೋಗ್ತದ."

"ಹಂಗಾರ ಇದಕ್ಕ ನಮ್ಮ ಗುರುತೇ ಇಲ್ಲನು" ಎಂದಳು. ಸ್ವಲ್ಪ ಬೇಸರವಾದಂತೆ ಕಂಡಿತು.

ಮೊದಲ ಒಂದು ಗಂಟೆ ಗಾಳಿಮರದ ತೋಪು, ಆಮೇಲೆ ಕೇದಗೆಯ ಪೊದೆಗಳು. ಮರಳ ಮೇಲೆ ನೇರಳೆ ಹೂವಿನ ಬಳ್ಳಿ ಚಾಪೆಯಂತೆ ಹಬ್ಬಿತ್ತು. ಈ ಬಳ್ಳಿ ಹಿಡಿದುಕೊಂಡಿರುವುದರಿಂದಲೇ ಮಳೆಗಾಲದಲ್ಲಿ ಮರಳು ಉಳಿಯುತ್ತದೆ ಎಂದಳು ನಾಗವೇಣಿ. ದೊಡ್ಡವ್ವ ಬಗ್ಗಿ ಬಳ್ಳಿಯ ಗೆಣ್ಣುಗೆಣ್ಣಿಗೂ ಬೇರು ಬಿಟ್ಟಿರುವುದನ್ನು ಮುಟ್ಟಿ ನೋಡಿದಳು. ನನ್ನ ಲೆಕ್ಕ: ಕಡಲ ಹದ್ದು ಒಂದು, ಗರುಡ ನಾಲ್ಕು, ಬೆಳ್ಳಕ್ಕಿ ಹದಿನೇಳು. ಏಡಿಗಳನ್ನು ನಲವತ್ತರವರೆಗೆ ಎಣಿಸಿ ಬಿಟ್ಟೆ.

"ಬರಿ ಯವ್ವಾ, ಬರಿ. ಆಮ್ಯಾಲ ತೆರಿನೂ ಎಣಿಸು" ಎಂದು ದೊಡ್ಡವ್ವ ಚುಡಾಯಿಸಿದಳು. ಶ್ರಾವಣದ ಮೇಲೆ ಅವಳು ಯಾರನ್ನಾದರೂ ಚುಡಾಯಿಸಿದ್ದು ನಾನು ಕೇಳಿರಲಿಲ್ಲ.

ಒಂಬತ್ತರ ಹೊತ್ತಿಗೆ ಬಿದಿರು ಗೂಟ ನೆಟ್ಟು ಬಲೆ ಕಟ್ಟಿದ ಸಣ್ಣ ಆವರಣದ ಮುಂದೆ ನಿಂತೆವು. ಕಡಲಾಮೆಯ ಗೂಡು, ಈ ಸಲದ ಮೊದಲನೆಯದು. ನಾಗವೇಣಿ ಉಳಿದವರಿಗೆ ವಿವರಿಸುತ್ತಿದ್ದಳು, ನಾನು ಬರೆಯುತ್ತಿದ್ದೆ. ಕಾಗೆಗಳ ಗದ್ದಲಕ್ಕೆ ತಲೆ ಎತ್ತಿದೆ. ದೊಡ್ಡವ್ವ ಹತ್ತು ಹೆಜ್ಜೆ ಆಚೆ, ಚಪ್ಪಲಿ ಬಿಟ್ಟು, ಮಡಿಲಿನಿಂದ ಏನನ್ನೋ ತೆಗೆದು ಮರಳಿಗೆ ಚೆಲ್ಲುತ್ತ ನಡೆದಿದ್ದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬೆಲ್ಲ, ಶೇಂಗಾ ಹಿಂಡಿ, ಎಲ್ಲವನ್ನೂ ಕಲಸಿದ ಚರಗದ ಬುತ್ತಿ. ನನಗೆ ತಿಳಿಯದಂತೆ ಮನೆಯಿಂದ ಕಟ್ಟಿಕೊಂಡು ಬಂದಿದ್ದಳು. ಬಾಯಿಂದ ಕೂಗು ಮಾತ್ರ ಹೊರಡುತ್ತಿರಲಿಲ್ಲ.

"ಅಮ್ಮಾ, ಬೇಡ, ಬೇಡ!" ನಾಗವೇಣಿ ಓಡಿದಳು. "ಎಂತ ಮಾಡಿದ್ರಿ ನೀವು? ಕಾಗೆ ಬಂತು ನೋಡಿ. ಇನ್ನು ನಾಯಿನೂ ಬರ್ತದೆ. ಒಂದ್ಸಲ ರುಚಿ ಹತ್ತಿದ್ರೆ ದಿನಾ ಇಲ್ಲೇ ಕೂತಿರ್ತವೆ. ಮರಿ ಹೊರಗೆ ಬಂದ ದಿನ ಒಂದನ್ನೂ ಬಿಡೂದಿಲ್ಲ."

"ಮರಿ? ಎಲ್ಲವ?"

"ಮರಳಿನ ಅಡಿಗೆ. ನೂರಾ ಹನ್ನೆರಡು ಮೊಟ್ಟೆ ಇದೆ ಇಲ್ಲಿ."

ದೊಡ್ಡವ್ವನ ಮುಖ ಕುಂದಿತು. "ತಪ್ಪಾತ್ರೀ ಬಾಯಾರ. ಭೂಮಿ ಬಸುರಿ ಇದ್ದಾಗ ಉಣಿಸಬೇಕು ಅಂತ ನಮ್ಮಲ್ಲಿ ಅದ. ಇಲ್ಲಿ ಖರೇನೇ ಬಸುರದ ಅಂತ ನನಗೇನು ಗೊತ್ತು?" ಎಂದು ಅಲ್ಲೇ ಮೊಣಕಾಲೂರಿ ಹೆಕ್ಕತೊಡಗಿದಳು. ನಾನೂ ಕೂತೆ. ನಾಗವೇಣಿ ಕಾಗೆ ಓಡಿಸಿ ಬಂದು ತಾನೂ ಕೂತಳು. ಎಳ್ಳಿನ ಕಾಳನ್ನು ಮರಳಿನಿಂದ ಬೇರೆ ಮಾಡುವುದು ಸುಲಭವಲ್ಲ. ಕೊನೆಗೆ ಮರಳನ್ನೇ ಬೊಗಸೆಯಿಂದ ಎತ್ತಿ ಚೀಲಕ್ಕೆ ಹಾಕಿದೆವು. ಇಪ್ಪತ್ತು ನಿಮಿಷ ಹಿಡಿಯಿತು. ಹೆಕ್ಕುತ್ತಲೇ ನಾನು ಚರಗವೆಂದರೇನು, ದೊಡ್ಡಪ್ಪ ಹೇಗೆ ಕೂಗುತ್ತಿದ್ದರು ಎಂದು ನಾಗವೇಣಿಗೆ ಹೇಳಿದೆ.

ಅವಳು ಕೈ ಕೊಡವಿಕೊಂಡಳು. "ರೊಟ್ಟಿ ಹಾಕೂದು ಬೇಡ ಅಮ್ಮ. ಕೂಗಿದ್ರೆ ಎಂತ ಆಗೂದಿಲ್ಲ. ಆಮೆ ಬರೂದು ರಾತ್ರಿ, ಇದು ಹಗಲಲ್ವಾ. ಸ್ವಲ್ಪ ಆಚೆ ಹೋಗಿ ಕೂಗಿ."

"ನಾನೆಂದೂ ಮುಂದ ಕೂಗಿದಾಕಿ ಅಲ್ರೀ. ಹಿಂದ ಓಗೊಟ್ಟಾಕಿ."

ದೊಡ್ಡವ್ವ ನೀರಿನ ಅಂಚಿಗೆ ನಡೆದಳು. ಕೈ ಖಾಲಿ. ಮೊದಲ ಕೂಗು ಗಂಟಲಲ್ಲೇ ಒಡೆಯಿತು. ಕೆಮ್ಮಿದಳು, ಸೆರಗು ಬಿಗಿದಳು, ಇನ್ನೊಮ್ಮೆ ಕೂಗಿದಳು. ಈ ಸಲ ಹೊಲದ ಆಚೆ ಬದುವಿಗೆ ಕೇಳುವಷ್ಟು ದೊಡ್ಡದಾಗಿ. ನಾನು ಓಗೊಟ್ಟೆ. ಎರಡನೆಯದಕ್ಕೆ ನಾಗವೇಣಿಯೂ ಸೇರಿದಳು; ಮೂರನೆಯದಕ್ಕೆ, ಅರ್ಥವೇನೆಂದು ಕೇಳದೆ, ಉಳಿದ ನಾಲ್ವರೂ. ದೊಡ್ಡವ್ವ ಐದು ಸಲ ಕೂಗಿ ನೀರಿಗೆ ಕೈ ಮುಗಿದು ಬಂದಳು. ಅವಳ ಕೆನ್ನೆ ಒದ್ದೆಯಾಗಿತ್ತು. ಆ ಪುಟದಲ್ಲಿ ಅದರ ಮುಂದೆ ನಾನು ಏನನ್ನೂ ಬರೆದಿಲ್ಲ.

ಮೂರನೆಯ ದಿನ ಬೆಳಿಗ್ಗೆ ಐದೂ ನಲವತ್ತಕ್ಕೆ ತಿರುಗಿ ಹೊರಟೆವು. ಘಟ್ಟದಲ್ಲಿ ವಾಂತಿಯಾಗಲಿಲ್ಲ. ಹುಬ್ಬಳ್ಳಿಯಲ್ಲಿ ಇಡ್ಲಿ, ಚಹಾ. ಅಲ್ಲಿಂದ ಕಲಬುರಗಿ ಬಸ್ಸು. ಸಿಂದಗಿ ದಾಟುವಾಗ ಹೊತ್ತು ಇಳಿದಿತ್ತು. ದೊಡ್ಡವ್ವ ಕಿಟಕಿಯ ಗಾಜು ಸರಿಸಿ, ಮುಖ ಹೊರಗಿಟ್ಟು ಜೋಳ ನೋಡುತ್ತಿದ್ದಳು. ತಂಪುಗಾಳಿ ಅಂದರೂ ಮುಚ್ಚಲಿಲ್ಲ.

ಜೇವರ್ಗಿ ಬಂತು. ನಾನು ಸೀಟಿನ ಮೇಲಿನ ಹಲಗೆಯಿಂದ ಚೀಲಗಳನ್ನು ಇಳಿಸಿಕೊಂಡೆ. ದೊಡ್ಡವ್ವ ಏಳಲಿಲ್ಲ.

"ನೀ ಇಳಿ. ನಾ ಕಲಬುರ್ಗಿಗೆ ಹೋಗಿ ಅತನೂರ ಬಸ್ ಹಿಡಿತೇನಿ."

"ಯುಗಾದಿ ಮಟಾ ನಮ್ಮಲ್ಲೇ ಇರ್ತೇನಿ ಅಂದಿದ್ದಿ? ಅವ್ವ ಅಡಿಗಿ ಮಾಡಿ ಕುಂತಾಳ."

"ಆಕಿಗೆ ನಾ ಹೇಳ್ತೇನಿ. ಗಂಡನ್ನ ಕಳಕೊಂಡಾಕಿ ನಾನು, ಹೊಲ ಏನು ತಪ್ಪು ಮಾಡ್ಯದ? ಅದನ್ಯಾಕ ಉಪವಾಸ ಕೆಡವಲಿ?"

"ಇಳಿಯೋರು ಲಗೂ ಇಳೀರಿ!" ಕಂಡಕ್ಟರ್ ಕೂಗಿದ. ನಾನು ಎರಡು ಚೀಲದೊಂದಿಗೆ ಇಳಿದು, ಅವಳದನ್ನು ಅವಳ ಕಾಲ ಬಳಿಯೇ ಬಿಟ್ಟೆ. ಕೆಳಗೆ ನಿಂತು ಕೈ ಬೀಸಿದೆ. ದೊಡ್ಡವ್ವ ನೋಡಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು ಮಗನಿಗೆ ಜೋರಾಗಿ ಕೇಳುತ್ತಿದ್ದಳು: "ಹಳ್ಳದ ಕಡಿ ಜ್ವಾಳ ತೆನಿ ಹಿರದದೇನೋ? ಎಲ್ಲಾನೂ? ನೆಟ್ಟಗ ನೋಡಿ ಹೇಳು!"

ಬಸ್ಸು ಕಲಬುರಗಿ ರಸ್ತೆಗೆ ತಿರುಗಿತು.