ಅದಲು ಬದಲಾದ ಎರಡು ವೈರು

ಕೀ ತಿರುಗಿಸಿದಾಗ ಕಾರು ಮತ್ತೆ ಢಬ್ ಎಂದು ಸುಮ್ಮನಾಯಿತು. ರಾಣೆಬೆನ್ನೂರಿನ ನಮ್ಮ ಮನೆಯ ಗೇಟಿನಲ್ಲಿ ಬ್ಯಾಡಗಿಯ ಮೇಸ್ತ್ರಿ ನಿಂತಿದ್ದರು. ತೀರಿಹೋಗುವ ಮುಂಚೆ ಅಪ್ಪ ಹಳೆಯ ಫಿಯೆಟ್ಟಿಗೆ ಕೂರಿಸಿದ್ದ ಎಂಜಿನ್ ಇವರೇ ಕೊಟ್ಟದ್ದು. ಕೆಟ್ಟ ಎಂಜಿನ್ ದಾಟಿಸಿದ್ದಾರೆಂದು ನನ್ನ ಅನುಮಾನ. ಅವರು ಬಾನೆಟ್ಟಿನೊಳಗೆ ಬಗ್ಗಿದಾಗ ನಟ್ಟು ಬಿಚ್ಚುವ ಅಪ್ಪನ ಪಾನಾಗಳನ್ನು ಎಣಿಸಿಕೊಂಡೆ. ಹನ್ನೊಂದಿದ್ದವು.

“ವೈರಿಂಗ್ ಯಾರು ಮಾಡ್ಯಾರವ್ವಾ?”

“ನಾನ ರೀ, ಅಪ್ಪ ಹೋದಮ್ಯಾಲ. ಹಳೇ ಎಂಜಿನ್ನಿಗೆ ಇದ್ದಂಗ ಹಾಕೇನಿ.”

“ಅದಕ್ಕ ನೋಡು. ಇದರಾಗ ಕಿಡಿ ಹಂಚೋ ರೋಟರ್ ಉಲ್ಟಾ ತಿರಗತೈತಿ.”

ಪ್ಲಗ್ಗಿಗೆ ಕಿಡಿ ಒಯ್ಯುವ ಎರಡು ವೈರುಗಳನ್ನು ಅದಲು ಬದಲು ಮಾಡಿದರು. ಕಾರು ಚಾಲೂ ಆಯಿತು. ಕೈ ಒರೆಸಿಕೊಂಡು ಹೊರಟೇಬಿಟ್ಟರು.

ಮತ್ತೆ ಎಣಿಸಿದೆ. ಹನ್ನೆರಡು. ಬ್ಯಾಡಗಿಯಿಂದ ಎಂಜಿನ್ ತಂದ ದಿನದಿಂದ ಅಪ್ಪ ಹುಡುಕುತ್ತಿದ್ದ, ಅಪ್ಪನದೇ ಹೆಸರು ಕೆತ್ತಿದ ಪಾನಾ ಮರಳಿ ಬಂದಿತ್ತು. ಮೇಸ್ತ್ರಿಗೆ ನಾನು ಒಂದು ಲೋಟ ಚಹಾ ಬೇಕೇ ಎಂದು ಕೂಡ ಕೇಳಿರಲಿಲ್ಲ.